ಚಾಳೀಸಿನ ವಯಸ್ಸಿಗೆ ಕಾಲೇಜು

ನಮ್ಮ ಸೀಮೆಯಲ್ಲಿ 'ಓದುವ ವಯಸ್ಸು' ಎಂದೊಂದಿದೆ. ಅದು ಆರಕ್ಕೆ ಶುರುವಾಗಿ ಇಪ್ಪತ್ತೆರಡಕ್ಕೆ ಮುಗಿಯುತ್ತದೆ. ಹೆಣ್ಣುಮಕ್ಕಳಿಗಾದರೆ ಗಂಡು ಗೊತ್ತಾದ ದಿನವೇ ಮುಗಿಯುತ್ತದೆ. ಆಮೇಲೆ ಯಾರಾದರೂ ಪುಸ್ತಕ ಹಿಡಿದರೆ ಅದು ಒಂದೋ ಹುಚ್ಚು, ಇಲ್ಲವೇ ಮನೆಯಲ್ಲಿ ಕೆಲಸ ಕಡಿಮೆಯಾದದ್ದರ ಕೊಬ್ಬು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಒಗೆದು ಎದ್ದುಹೋಗುವವರಿಗೆ ನಾನು ಹೇಳುವುದು ಇಷ್ಟೆ: ಓದುವುದು ಎಂದರೆ ಬಗ್ಗುವುದಲ್ಲ.

ಇದನ್ನು ಜಗಳಕ್ಕೆಂದೇ ಬರೆಯುತ್ತಿದ್ದೇನೆ. ಆದ್ದರಿಂದ ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಿದ್ದು ಹುಣಸೂರು ಕಡೆಯ ಹೊಗೆಸೊಪ್ಪಿನ ಊರಿನಲ್ಲಿ, ಸೇರಿದ್ದು ಕೆ.ಆರ್. ನಗರದ ಕಡೆಯ ಮಿರ್ಲೆಗೆ. 1997ರಲ್ಲಿ ಸೈನ್ಸ್ ತೆಗೆದುಕೊಂಡು ಸೆಕೆಂಡ್ ಪಿಯುಸಿ ಪಾಸಾದೆ, ಮರುವರ್ಷ ಮದುವೆ. ಎರಡು ಮಕ್ಕಳಾದ ಮೇಲೆ ಕೆ.ಆರ್. ನಗರದ ಕನ್ನಡಕದ ಅಂಗಡಿಯೊಂದರಲ್ಲಿ ಎಂಟು ವರ್ಷ ಫ್ರೇಮು ಒರೆಸಿ, ಬಿಲ್ಲು ಬರೆದೆ. 2016ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಕಾಲೇಜಿಗೆ ಸೇರಿ ಆಪ್ಟೋಮೆಟ್ರಿ ಪದವಿ ಓದಿದೆ. ಈಗ ಮಿರ್ಲೆಯಲ್ಲಿ ಒಂದು ಕೋಣೆ ಇಟ್ಟುಕೊಂಡು, ವಾರಕ್ಕೆರಡು ದಿನ ಸುತ್ತಲ ಊರುಗಳಿಗೆ ಹೋಗಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಇದು ಸಾಹಸಗಾಥೆಯಲ್ಲ. ಸಾಹಸ ಮಾಡಿದರೆ ಮಾತ್ರ ಆಗುವಂಥ ಕೆಲಸವನ್ನಾಗಿ ಇದನ್ನು ಇಟ್ಟಿದ್ದಾರಲ್ಲ, ನನ್ನ ಜಗಳ ಅದರ ಮೇಲೆ. ಹಳ್ಳಿಯ ಕಣ್ಣು ನೋಡುವ ಕೆಲಸಕ್ಕೆ ಹಳ್ಳಿಯಲ್ಲೇ ಬೇರು ಬಿಟ್ಟಿರುವ ವಯಸ್ಕರು ಬೇಕು. ಅವರನ್ನು ಕಾಲೇಜಿನ ಗೇಟಿನಲ್ಲೇ ತಡೆಯುವುದು ಅವರಿಗೆ ಮಾಡುವ ಅನ್ಯಾಯ ಹೌದು. ಊರಿಗೆ ಮಾಡುವ ಅನ್ಯಾಯ ಅದಕ್ಕಿಂತ ದೊಡ್ಡದು.

ಆಪ್ಟೋಮೆಟ್ರಿ ಎಂದರೇನು ಎಂದು ಕೇಳುವವರು ಇನ್ನೂ ಬಹಳ ಮಂದಿ ಇದ್ದಾರೆ. ಕಣ್ಣಿಗೆ ಆಪರೇಷನ್ ಮಾಡುವವರು ನೇತ್ರವೈದ್ಯರು, ಅವರು ಎಂ.ಬಿ.ಬಿ.ಎಸ್. ಮುಗಿಸಿ ಅದರ ಮೇಲೆ ಕಣ್ಣಿನ ವಿದ್ಯೆ ಓದಿದವರು. ಕನ್ನಡಕ ಕೂಡಿಸಿ ಮಾರುವವರು ಆಪ್ಟಿಷಿಯನ್ನರು. ಇವರಿಬ್ಬರ ನಡುವಿನವರು ನಾವು. ದೃಷ್ಟಿ ಅಳೆಯುವುದು, ಕನ್ನಡಕದ ನಂಬರು ನಿಗದಿ ಮಾಡುವುದು, ಮಗುವಿನ ಮೆಳ್ಳೆಗಣ್ಣನ್ನೋ ಸೋಮಾರಿ ಕಣ್ಣನ್ನೋ ಬೇಗ ಗುರುತಿಸುವುದು, ಪೊರೆ, ಕಣ್ಣಿನ ಒತ್ತಡ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಕ್ಕೆ ಆದ ಹಾನಿ ಇವುಗಳ ಗುರುತು ಕಂಡರೆ ವೈದ್ಯರ ಹತ್ತಿರ ಕಳಿಸುವುದು ನಮ್ಮ ಕೆಲಸ. ನಾನು ಓದಿದಾಗ ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇತ್ತು. ರೆಟಿನೋಸ್ಕೋಪ್ ಎಂಬ ಕೈಯಳತೆಯ ಉಪಕರಣದಿಂದ ಕಣ್ಣಿನ ಪಾಪೆಯೊಳಗೆ ಬೆಳಕಿನ ಗೆರೆ ಬಿಟ್ಟು, ಅದು ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತಾ, ಆ ಸರಿದಾಟ ನಿಲ್ಲುವವರೆಗೆ ಮುಂದೆ ಗಾಜು ಬದಲಿಸುತ್ತಾ ಹೋದರೆ, ಎದುರಿಗೆ ಕೂತವರು ಒಂದು ಮಾತೂ ಆಡದೆ ಅವರ ನಂಬರು ತಿಳಿಯುತ್ತದೆ. ಮಾತು ಬಾರದ ಕೂಸಿಗೂ, ಅಕ್ಷರ ಬಾರದ ಅಜ್ಜಿಗೂ ಇದು ಸಲ್ಲುತ್ತದೆ. ಈ ಕೈಚಳಕ ಬರಲು ತಿಂಗಳುಗಟ್ಟಲೆ ಬೇಕು. ಆದರೆ ಅದಕ್ಕೆ ಹದಿನೆಂಟು ವರ್ಷದ ಕೈಯೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕಣ್ಣು ಎಂದರೆ ನಮ್ಮ ಜನಕ್ಕೆ ನೆನಪಾಗುವುದು ಎರಡು ಸಂಗತಿ. ಒಂದು ಶಿಬಿರ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಆಪರೇಷನ್ ಶಿಬಿರವನ್ನೇ ಹೊತ್ತುಕೊಂಡು ಹೋಗಿ ಲಕ್ಷಾಂತರ ಜನರ ಪೊರೆ ತೆಗೆದರು. ಇನ್ನೊಂದು ನೇತ್ರದಾನ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡಕ್ಕೂ ಕೈಮುಗಿಯುತ್ತೇನೆ. ಆದರೆ ನಮ್ಮ ಊರುಗಳಲ್ಲಿ ಮಬ್ಬಾಗಿ ಬದುಕುತ್ತಿರುವವರಲ್ಲಿ ಬಹುಪಾಲು ಜನಕ್ಕೆ ಇನ್ನೊಬ್ಬರ ಕಣ್ಣೂ ಬೇಡ, ಆಪರೇಷನ್ನೂ ಬೇಡ. ಅವರಿಗೆ ಬೇಕಾದದ್ದು ಸರಿಯಾದ ನಂಬರಿನ ಎರಡು ಗಾಜು.

ಇದು ನನ್ನ ಅಂದಾಜಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಕಡೇ ಪಕ್ಷ 220 ಕೋಟಿ ಜನಕ್ಕೆ ದೃಷ್ಟಿದೋಷವಿದೆ. ಅವರಲ್ಲಿ ಕಡೇ ಪಕ್ಷ 100 ಕೋಟಿ ಜನರ ದೋಷ ತಡೆಯಬಹುದಾಗಿದ್ದದ್ದು, ಇಲ್ಲವೇ ಇನ್ನೂ ಸರಿಪಡಿಸದೆ ಬಿಟ್ಟದ್ದು. ಆ 100 ಕೋಟಿಯಲ್ಲಿ 82 ಕೋಟಿಗೂ ಹೆಚ್ಚು ಜನಕ್ಕೆ ಇರುವುದು ನಾವು ಚಾಳೀಸು ಎನ್ನುತ್ತೇವಲ್ಲ, ಅದು: ನಲವತ್ತರ ಹೊತ್ತಿಗೆ ಕಣ್ಣೊಳಗಿನ ಮಸೂರ ಬಿಗಿತ ಹೆಚ್ಚಾಗಿ, ಹತ್ತಿರದ್ದರ ಮೇಲೆ ನೋಟ ಕೂರದೆ ಹೋಗುವುದು. ಇದು ರೋಗವಲ್ಲ, ಕೂದಲು ನರೆತ ಹಾಗೆ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಬರುತ್ತದೆ. ಬಲ್ಲಿದ ಕನ್ನಡಕ ಹಾಕಿಕೊಂಡು ಕೆಲಸ ಮುಂದುವರಿಸುತ್ತಾನೆ. ಬಡವಿ ಕೆಲಸವನ್ನೇ ಬಿಡುತ್ತಾಳೆ.

ನನ್ನ ತವರಿನ ಕಡೆ ಹೊಗೆಸೊಪ್ಪು ಬ್ಯಾರನ್ನಿನಲ್ಲಿ ಬೆಂದು ಹೊರಬಂದ ಮೇಲೆ ಎಲೆಯ ಬಣ್ಣ, ಚುಕ್ಕೆ ನೋಡಿ ಬೇರೆಬೇರೆ ಮಾಡುವ ಗ್ರೇಡಿಂಗ್ ಕೆಲಸವಿದೆ. ಹರಾಜಿನಲ್ಲಿ ಸಿಗುವ ರೇಟು ನಿಂತಿರುವುದು ಅದರ ಮೇಲೆ. ಅದನ್ನು ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ನಲವತ್ತೈದು ದಾಟಿದ ಹೆಂಗಸಿಗೆ ಆ ಚುಕ್ಕೆ ಕಾಣದೆ ಹೋದಾಗ ಯಾರೂ 'ಇವಳಿಗೆ ಕನ್ನಡಕ ಕೊಡಿಸಿ' ಎನ್ನುವುದಿಲ್ಲ. 'ಇವಳ ಕೈ ನಿಧಾನವಾಯಿತು' ಎಂದು ಕೂಲಿ ಕಡಿಮೆ ಮಾಡುತ್ತಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟು ನೋಡಿದ ಒಂದು ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಕನ್ನಡಕ ಪಡೆದವರು ಕಿತ್ತ ಸೊಪ್ಪಿನ ತೂಕ, ಪಡೆಯದವರಿಗೆ ಹೋಲಿಸಿದರೆ ಶೇಕಡಾ 21ಕ್ಕಿಂತ ಹೆಚ್ಚು ಏರಿತ್ತು. ಗೊಬ್ಬರವಿಲ್ಲ, ಯಂತ್ರವಿಲ್ಲ, ಎರಡು ಗಾಜು ಮಾತ್ರ.

'ಅಷ್ಟೇ ತಾನೆ, ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಸಿಗುತ್ತದಲ್ಲ' ಎನ್ನುವವರಿದ್ದಾರೆ. ಚುಂಚನಕಟ್ಟೆ ಜಾತ್ರೆಯಲ್ಲಿ ಬಳೆ, ಬತ್ತಾಸಿನ ಪಕ್ಕದಲ್ಲಿ ಕನ್ನಡಕವನ್ನೂ ಸಾಲಾಗಿ ಜೋಡಿಸಿಟ್ಟು ಮಾರುವುದನ್ನು ನಾನೂ ನೋಡಿದ್ದೇನೆ. ಎರಡು ಕಣ್ಣಿಗೂ ಒಂದೇ ನಂಬರು ಇದ್ದವರಿಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ನಲವತ್ತರಲ್ಲಿ ಕನ್ನಡಕಕ್ಕೆಂದು ಬಂದವರ ಕಣ್ಣಿನೊಳಗೆ ನೋಡುವುದು ಎಷ್ಟೋ ಜನರ ಬಾಳಿನಲ್ಲಿ ಮೊದಲನೆಯ ಕಣ್ಣು ಪರೀಕ್ಷೆ. ಗ್ಲಾಕೋಮಾ ಎಂಬುದು ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ. ತಿಂದ ನೋಟ ಮತ್ತೆ ಬರುವುದಿಲ್ಲ. ಸಕ್ಕರೆ ಕಾಯಿಲೆಯೂ ಅಕ್ಷಿಪಟದಲ್ಲಿ ಮೊದಮೊದಲು ಸದ್ದಿಲ್ಲದೆಯೇ ಕೆಲಸ ಮಾಡುತ್ತದೆ. ಜಾತ್ರೆಯ ಕನ್ನಡಕ ಕಣ್ಣಿಗೆ ಅಕ್ಷರ ಕಾಣಿಸುತ್ತದೆ. ಕಣ್ಣಿನೊಳಗೆ ಏನಾಗಿದೆ ಎಂಬುದನ್ನು ಕಾಣಿಸುವುದಿಲ್ಲ. ಅದನ್ನು ನೋಡಲು ಕಲಿತವರು ಹತ್ತಿರದಲ್ಲಿ ಇರಬೇಕು. ಶಿಬಿರದ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗದೆ, ಇಲ್ಲೇ ಇರಬೇಕು. ನನ್ನ ವಾದ ನಿಂತಿರುವುದು ಈ 'ಇಲ್ಲೇ ಇರಬೇಕು' ಎಂಬ ಮಾತಿನ ಮೇಲೆ.

ಇಲ್ಲೇ ಇರುವವರು ಯಾರು? ನನ್ನ ಜೊತೆ ಓದಿದ ಹುಡುಗ ಹುಡುಗಿಯರು ಜಾಣರು, ಒಳ್ಳೆಯವರು. ಅವರಲ್ಲಿ ಬಹುಪಾಲು ಇಂದು ಬೆಂಗಳೂರಿನ ಕನ್ನಡಕದ ದೊಡ್ಡ ಮಳಿಗೆಗಳಲ್ಲಿದ್ದಾರೆ, ಕೆಲವರು ಕೊಲ್ಲಿ ದೇಶಗಳಿಗೆ ಹೋದರು. ಅದಕ್ಕಾಗಿ ಅವರನ್ನು ಬೈಯುವುದು ತಪ್ಪು. ಇಪ್ಪತ್ತೆರಡರಲ್ಲಿ ಲೋಕ ನೋಡಬೇಕು, ಸಾಲ ತೀರಿಸಬೇಕು. ಆದರೆ ಮನೆ, ಗದ್ದೆ, ಮಕ್ಕಳು, ಅತ್ತೆ ಮಾವ ಎಲ್ಲ ಮಿರ್ಲೆಯಲ್ಲೇ ಇರುವ ನನ್ನಂಥವಳು ಎಲ್ಲಿಗೆ ಹೋದಾಳು? ನಲವತ್ತರಲ್ಲಿ ಪದವಿ ಮುಗಿಸಿದರೂ ಅರವತ್ತರವರೆಗೆ ಇಪ್ಪತ್ತು ವರ್ಷ ಒಂದೇ ಹೋಬಳಿಯ ಕಣ್ಣು ನೋಡಬಹುದು. 'ವಯಸ್ಸಾದವರಿಗೆ ಸೀಟು ಕೊಟ್ಟರೆ ದಂಡ' ಎಂಬ ಲೆಕ್ಕ ಹಾಕುವವರು ಯಾವ ಊರಿಗೆ ದಂಡ ಎಂದು ಹೇಳುವುದಿಲ್ಲ.

ಇನ್ನು 'ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ' ಎಂಬ ಮಾತು. ಇದನ್ನು ನಂಬಿಸಿಯೇ ನಮ್ಮ ಅವ್ವಂದಿರನ್ನು ಹೊರಗಿಟ್ಟರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. ತೊಂಬತ್ತರ ದಶಕದಲ್ಲಿ ಊರೂರಿಗೆ ಅಕ್ಷರ ಕಲಿಸುವ ಆಂದೋಲನ ಬಂತು. ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಅದರ ಗುರಿ ಹದಿನೈದರಿಂದ ಮೂವತ್ತೈದು ವರ್ಷದವರು. ನಮ್ಮವ್ವನಿಗೆ ಆಗ ಮೂವತ್ತೆಂಟೋ ಮೂವತ್ತೊಂಬತ್ತೋ. ಲೆಕ್ಕಕ್ಕೆ ಬಾರದವಳಾದರೂ ಪಾಠದ ಮೇಷ್ಟ್ರು ಪುಣ್ಯಾತ್ಮ, 'ಕೂತ್ಕೊಳ್ಳವ್ವ' ಎಂದರು. ಅವ್ವ ಒಂದು ವಾರ ಹೋದಳು. ದೀಪದ ಬೆಳಕಿನಲ್ಲಿ ಪುಸ್ತಕವನ್ನು ಹತ್ತಿರ ತಂದಳು, ದೂರ ಹಿಡಿದಳು, ಕಣ್ಣು ಉಜ್ಜಿಕೊಂಡಳು. 'ನಂಗೆ ಇದೆಲ್ಲ ಅತ್ತಕಿಲ್ಲ ಬುಡು ಮಗ' ಎಂದು ಎದ್ದು ಬಂದಳು. ಬಂದವರೆಲ್ಲ ತಲೆಯಾಡಿಸಿದರು: ವಯಸ್ಸಾಯಿತಲ್ಲ, ತಲೆಗೆ ಹತ್ತುವುದಿಲ್ಲ. ತಲೆಗಲ್ಲ, ಅವಳ ಕಣ್ಣಿಗೆ ಹತ್ತುತ್ತಿರಲಿಲ್ಲ. ಒಂದು, ಒಂದೂವರೆ ನಂಬರಿನ ಗಾಜು ಸಿಕ್ಕಿದ್ದರೆ ಅವಳು ತನ್ನ ಹೆಸರನ್ನು ತಾನೇ ಬರೆಯುತ್ತಿದ್ದಳು. ಅಂದು ನಮ್ಮ ಊರಿನಲ್ಲಿ ಅದನ್ನು ಗುರುತಿಸುವವರು ಒಬ್ಬರೂ ಇರಲಿಲ್ಲ. ವಯಸ್ಸಿನ ಗೆರೆ ಎಳೆದವರೂ ಕಣ್ಣಿನ ಕಡೆ ನೋಡದವರೂ ಸೇರಿ ಒಬ್ಬ ಹೆಂಗಸನ್ನು ಹೆಬ್ಬೆಟ್ಟಿನವಳನ್ನಾಗಿಯೇ ಉಳಿಸಿದರು. ಇಂಥವರು ಎಷ್ಟು ಮಂದಿಯೋ.

ಗೆರೆ ಇಂದೂ ಇದೆ; ಕಾನೂನಿನಲ್ಲಿ ಕಡಿಮೆ, ಕೌಂಟರಿನಲ್ಲಿ ಹೆಚ್ಚು. ನಾನು ಸೇರಲು ಹೋದಾಗ ಕಾಲೇಜಿನ ಗುಮಾಸ್ತರು, 'ಮಗಳು ಎಲ್ಲಮ್ಮ? ಅವಳೇ ಬಂದು ಸೈನ್ ಹಾಕಬೇಕು' ಎಂದರು. 'ಮಗಳಲ್ಲ ಸಾರ್, ನಾನೇ' ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಅರ್ಜಿಯಲ್ಲಿ ಪೋಷಕರ ಸಹಿ ಎಂಬ ಜಾಗವಿತ್ತು. ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಪೋಷಕರಿಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದರು. ಕೊನೆಗೆ ನಮ್ಮ ಯಜಮಾನರು ನನ್ನ ಪೋಷಕರಾಗಿ ಸಹಿ ಹಾಕಿದರು. ಎರಡು ಮಕ್ಕಳ ತಾಯಿ ತನ್ನ ಗಂಡನ ಪೋಷಣೆಯಲ್ಲಿರುವ ಬಾಲಕಿಯಾದಳು. ಬ್ಯಾಂಕಿನಲ್ಲಿ ಸಾಲ ಕೇಳಿದರೆ, 'ನೀವು ಓದಿ ಯಾವಾಗ ದುಡಿದು ಯಾವಾಗ ತೀರಿಸ್ತೀರಿ' ಎಂದರು. ಟ್ರಾಕ್ಟರಿಗೆ ಕೇಳಿದ್ದರೆ ನನ್ನ ವಯಸ್ಸು ಯಾರಿಗೂ ಅಡ್ಡಿಯಾಗುತ್ತಿರಲಿಲ್ಲ. ಬೆಳಗ್ಗೆ ಮಿರ್ಲೆಯಿಂದ ಮೊದಲ ಬಸ್ಸಿಗೆ ನಿಂತರೆ ಹಿರಿಯರೊಬ್ಬರು, 'ಏನವ್ವ, ಮಗ ಕಾಲೇಜ್ಗೋಗೋ ಒತ್ನಲ್ಲಿ ನೀನು ಬ್ಯಾಗ್ ತಗಲಾಕ್ಕಂಡು ಒಂಟಿದ್ದೀಯ?' ಎಂದು ದಿನಾ ಕೇಳುತ್ತಿದ್ದರು. ಅದರಲ್ಲಿ ವಿಷವಿರಲಿಲ್ಲ. ಆದರೆ ನಾಲ್ಕು ವರ್ಷ ದಿನಾ ಕೇಳಿಸಿಕೊಂಡರೆ ಹೂವೂ ಭಾರವಾಗುತ್ತದೆ. ಎಷ್ಟೋ ಹೆಂಗಸರು ಹಿಂದಕ್ಕೆ ಸರಿಯುವುದು ಫೀಸಿಗೆ ಹೆದರಿ ಅಲ್ಲ, ಈ ಮಾತಿಗೆ ಹೆದರಿ.

ತರಗತಿಯೊಳಗೆ ಏನಾಯಿತು ಎಂದು ಹೇಳಿದರೆ ಈ ಗೆರೆ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ಬೆಳಕಿನ ವಿಜ್ಞಾನದ ಲೆಕ್ಕಗಳು ಹತ್ತೊಂಬತ್ತು ವರ್ಷದ ಹಿಂದೆ ಓದಿದ್ದವು. ಹುಡುಗರು ಗಂಟೆಯಲ್ಲಿ ಮಾಡಿದ್ದನ್ನು ನಾನು ಎರಡು ರಾತ್ರಿ ಕೂತು ಮಾಡುತ್ತಿದ್ದೆ. ಅದು ನಿಜ. ಆದರೆ ವಿದ್ಯಾರ್ಥಿಗಳು ಮೊದಲು ಒಬ್ಬರ ಕಣ್ಣನ್ನು ಒಬ್ಬರು ಪರೀಕ್ಷಿಸಿ ಕಲಿಯಬೇಕು. ಎಲ್ಲರದ್ದೂ ಎಳೆಯ ಕಣ್ಣು. ಮೂರನೆಯ ವರ್ಷದ ಹೊತ್ತಿಗೆ ಆ ಕೋಣೆಯಲ್ಲಿ ಚಾಳೀಸು ಬಂದ ವಿದ್ಯಾರ್ಥಿ ನಾನೊಬ್ಬಳೇ. ಮೊದಲು 'ಆಂಟಿ' ಎನ್ನುತ್ತಿದ್ದ ಹುಡುಗರು, 'ಅಕ್ಕ, ಇವತ್ತು ನಿಮ್ಮ ಕಣ್ಣು ನಮಗೆ' ಎಂದು ಸರದಿ ನಿಲ್ಲುತ್ತಿದ್ದರು. ನನ್ನ ವಯಸ್ಸೇ ಅವರಿಗೆ ಪಾಠವಾಯಿತು.

ಆಸ್ಪತ್ರೆಗೆ ಹೋದ ಮೇಲೆ ಇನ್ನೊಂದು ಗೊತ್ತಾಯಿತು. ನಂಬರು ನಿಗದಿ ಮಾಡುವಾಗ ಗಾಜು ಬದಲಿಸಿ, 'ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ' ಎಂದು ಕೇಳಬೇಕು. ನಮ್ಮ ಕಡೆಯ ಅಜ್ಜಿಯರು ಏನನ್ನುತ್ತಾರೆ ಗೊತ್ತೆ? 'ಎರಡೂ ಚೆನ್ನಾಗದೆ ಕಣವ್ವ.' ಓದಿದ ಮಗು ಇಷ್ಟು ಕಷ್ಟಪಟ್ಟು ತೋರಿಸುತ್ತಿದೆ, ಚೆನ್ನಾಗಿಲ್ಲ ಎಂದರೆ ನೊಂದುಕೊಂಡೀತು ಎಂಬ ದಾಕ್ಷಿಣ್ಯ ಅದು. ಹುಡುಗರು ಅದನ್ನೇ ಬರೆದುಕೊಂಡು ಗೊಂದಲಕ್ಕೆ ಬೀಳುತ್ತಿದ್ದರು. ನನಗೆ ಆ ದಾಕ್ಷಿಣ್ಯ ಗೊತ್ತು. ನಾನು ಅದರೊಳಗೇ ಬಾಳಿದವಳು. ಮೊರದಲ್ಲಿ ಒಂದು ಹಿಡಿ ಅಕ್ಕಿ ಹಾಕಿ, 'ಕಲ್ಲು ಆರಿಸವ್ವ' ಎಂದು ಮುಂದಿಟ್ಟರೆ, ಯಾವ ಗಾಜಿನಲ್ಲಿ ಕಲ್ಲು ಬೇಗ ಸಿಕ್ಕಿತು ಎಂಬುದೇ ಉತ್ತರ. ಅಕ್ಷರ ಬಾರದವರ ಹತ್ತಿರದ ನೋಟ ನೋಡಲು ಇಷ್ಟು ಸಾಕು. ಇದು ನನ್ನ ಜಾಣತನವಲ್ಲ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ತಾನಾಗಿ ಹೊಳೆಯುವ ಸಂಗತಿ. ಕಾಲೇಜು ಇದನ್ನು ಕಲಿಸಲಾರದು. ಇದನ್ನು ಬಲ್ಲವರನ್ನು ಕಾಲೇಜು ಸೇರಿಸಿಕೊಳ್ಳಬಹುದು, ಅಷ್ಟೆ.

ವಯಸ್ಸಿನ ಮಾತು ಬಂದಾಗ ನಾನು ಹೇಳುವ ಹೆಸರು ಡಾ. ಜಿ. ವೆಂಕಟಸ್ವಾಮಿಯವರದು. ಸಂಧಿವಾತದಿಂದ ಬೆರಳು ಸೊಟ್ಟಗಾದ ಈ ಕಣ್ಣಿನ ವೈದ್ಯರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, 1976ರಲ್ಲಿ ಐವತ್ತೆಂಟನೆಯ ವಯಸ್ಸಿನಲ್ಲಿ, ಮದುರೆಯಲ್ಲಿ 11 ಹಾಸಿಗೆಯ ಅರವಿಂದ ಕಣ್ಣಿನ ಆಸ್ಪತ್ರೆ ಶುರು ಮಾಡಿದರು. ಅದು ಇಂದು ಲೋಕವೇ ಬಂದು ನೋಡುವ ಸಂಸ್ಥೆ. ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ಕೂರುವ ವಯಸ್ಸಿನಲ್ಲಿ ಒಬ್ಬರು ಆಸ್ಪತ್ರೆ ಕಟ್ಟಬಹುದಾದರೆ, ಮೂವತ್ತೇಳರ ಹೆಂಗಸು ಪಾಠ ಕಲಿಯಬಾರದೆ? ಡಾಕ್ಟರಾಗುವ ನೀಟ್ ಪರೀಕ್ಷೆಗೇ ಇದ್ದ ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ದೊಡ್ಡ ಬಾಗಿಲಿನಲ್ಲೇ ಚಿಲಕ ತೆಗೆದ ಮೇಲೆ ಚಿಕ್ಕ ಬಾಗಿಲುಗಳಲ್ಲಿ ಕಾವಲುಗಾರರು ಏಕೆ?

ಎದುರು ವಾದಗಳಲ್ಲಿ ಹುರುಳಿರುವುದು ಒಂದಿದೆ. 'ಮನೆಯಲ್ಲೇ ಕೂತು ಅಂಚೆಯಲ್ಲಿ ಓದಬಹುದಲ್ಲ' ಎನ್ನುತ್ತಾರೆ. ಮೈಸೂರಿನಲ್ಲೇ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ; ನಮ್ಮ ಕಡೆಯ ಎಷ್ಟೋ ಜನ ಕೆಲಸ ಮಾಡುತ್ತಲೇ ಅಲ್ಲಿ ಬಿ.ಎ., ಎಂ.ಎ. ಮಾಡಿದ್ದಾರೆ. ಆದರೆ ಕಣ್ಣಿನ ವಿದ್ಯೆ ಅಂಚೆಯಲ್ಲಿ ಬರುವುದಿಲ್ಲ. ಆರೋಗ್ಯ ಸಂಬಂಧದ ಇಂಥ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ನಡೆಸಕೂಡದು ಎಂದು 2025ರಲ್ಲಿ ಯುಜಿಸಿ ಹೇಳಿತು. ಸರಿಯಾಗಿಯೇ ಹೇಳಿತು. ನೂರಾರು ಕಣ್ಣಿನೊಳಗೆ ನೋಡದೆ ಯಾರೂ ಈ ಕೆಲಸ ಕಲಿಯಲಾರರು. ಆದರೆ ಒಂದು ಬಾಗಿಲು ಮುಚ್ಚಿದವರಿಗೆ ಇನ್ನೊಂದನ್ನು ತೆರೆಯುವ ಹೊಣೆ ಬರುತ್ತದೆ. ಮನೆಯಲ್ಲಿ ಕೂತು ಓದಬೇಡಿ, ಕಾಲೇಜಿಗೇ ಬನ್ನಿ ಎಂದ ಮೇಲೆ ಕಾಲೇಜು ನಮ್ಮಂಥವರು ಬರಬಹುದಾದ ಜಾಗವಾಗಿರಬೇಕು.

ಇನ್ನೊಂದು ಸಲಹೆ ಬರುತ್ತದೆ. ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 'ನಿಮ್ಮಂಥ ಹೆಂಗಸರಿಗೆ ಒಂದು ಮೂರು ತಿಂಗಳ ತರಬೇತಿ ಕೊಟ್ಟು ಸರ್ಟಿಫಿಕೇಟು ಕೊಡೋಣ.' ವಯಸ್ಸಾದ ಹೆಂಗಸು ಎಂದರೆ ಸರ್ಕಾರಕ್ಕೂ ಸಂಘಸಂಸ್ಥೆಗಳಿಗೂ ನೆನಪಾಗುವುದು ಹೊಲಿಗೆ, ಹಪ್ಪಳ, ಮೂರು ತಿಂಗಳ ಸರ್ಟಿಫಿಕೇಟು. 2021ರಲ್ಲಿ ಬಂದ ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟರ ಹೆಸರಿದೆ. ಆ ಕಾಯ್ದೆ ಸಂಬಂಧಿತ ವೃತ್ತಿಪರರಿಗೆ ಕಡೇ ಪಕ್ಷ 2,000 ಗಂಟೆ, ಆರೋಗ್ಯ ವೃತ್ತಿಪರರಿಗೆ 3,600 ಗಂಟೆ ಓದು ಬೇಕೆಂದು ಗೆರೆ ಎಳೆದಿದೆ. ಈ ಗೆರೆ ಬೇಕಾದದ್ದೇ. ಕಣ್ಣು ಆಟದ ಸಾಮಾನಲ್ಲ. ಹಾಗಿದ್ದ ಮೇಲೆ ಮೂರು ತಿಂಗಳ ಸರ್ಟಿಫಿಕೇಟು ಹಿಡಿದವಳು ನಾಳೆ ಎಲ್ಲಿ ನಿಲ್ಲುತ್ತಾಳೆ? ನಮಗೆ ಸಣ್ಣ ಓದು ಬೇಡ. ಪೂರ್ತಿ ಓದನ್ನು ಓದಲು ದಾರಿ ಬೇಕು.

ಆ ದಾರಿ ಮಾಡುವುದು ಕಷ್ಟವೇನಲ್ಲ. ನನಗೆ ಪಿಯುಸಿಯಲ್ಲಿ ಸೈನ್ಸ್ ಇತ್ತು, ಅದೃಷ್ಟ. ನಮ್ಮೂರಿನ ಹತ್ತು ಹೆಂಗಸರಲ್ಲಿ ಒಂಬತ್ತು ಜನ ಓದಿದ್ದರೆ ಓದಿದ್ದು ಆರ್ಟ್ಸ್; ಅವರ ಇಷ್ಟವೆಂದಲ್ಲ, ಹತ್ತಿರದಲ್ಲಿ ಇದ್ದದ್ದು ಅದೇ ಎಂದು. ಅಂಥವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲದೆ ಪಿಯುಸಿ ಮಟ್ಟದ ವಿಜ್ಞಾನದ ಪರೀಕ್ಷೆ ಕಟ್ಟುವ ಅವಕಾಶವಿದೆ. ಆದರೆ ಪಾಠ ಹೇಳುವವರು ಯಾರು, ಪ್ರಯೋಗ ಮಾಡುವುದು ಎಲ್ಲಿ? ಸಂಜೆ ಐದರ ಮೇಲೆ ಬೀಗ ಬೀಳುವ ನಮ್ಮ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜುಗಳ ಪ್ರಯೋಗಾಲಯಗಳನ್ನು ವಯಸ್ಕರಿಗೆಂದು ಎರಡು ಗಂಟೆ ತೆರೆದರೆ ಒಂದು ಸೇತುವೆ ಆಯಿತು. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಆಪ್ಟೋಮೆಟ್ರಿ ಇರುವ ಕಡೆ ಮೂವತ್ತು ದಾಟಿದವರಿಗೆಂದು ಕೆಲವು ಸೀಟು ಇಡಬೇಕು. ಫೀಸು ಮಾಫಿ ಮಾಡಿ, ತಿಂಗಳಿಗಿಷ್ಟು ಎಂದು ಕೊಟ್ಟು, ಬದಲಿಗೆ ಐದು ವರ್ಷ ತನ್ನ ಹೋಬಳಿಯಲ್ಲಿ ಕೆಲಸ ಮಾಡಬೇಕೆಂದು ಬರೆಸಿಕೊಳ್ಳಲಿ. ಬರೆದುಕೊಡಲು ನಾವು ಹಿಂಜರಿಯುವುದಿಲ್ಲ, ಹೇಗೂ ಇಲ್ಲೇ ಇರುವವರು. ಹದಿನೈದು ವರ್ಷದಿಂದ ಅಂಗಡಿಯಲ್ಲಿ ನಂಬರು ನೋಡುತ್ತಿರುವ ಹುಡುಗನಿಗೆ, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೆ ಅವರ ಅನುಭವವನ್ನು ಪರೀಕ್ಷಿಸಿ ಪ್ರವೇಶದಲ್ಲಿ ಬೆಲೆ ಕೊಡಲಿ. ಅಂಗಡಿಯವರನ್ನು 'ಅರೆಬರೆ ಕಲಿತವರು' ಎಂದು ಹಳಿಯುವುದು ಸುಲಭ. ಪೂರ್ತಿ ಕಲಿಯಲು ಕರೆದವರು ಯಾರು?

ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ಕೆಲಸ ನಡೆದಿದೆ. ಒಳ್ಳೆಯದು. ಆದರೆ ಕನ್ನಡಕ ಕೊಟ್ಟ ಎರಡು ವರ್ಷಕ್ಕೆ ನಂಬರು ಬದಲಾಗುತ್ತದೆ, ಫ್ರೇಮಿನ ಕಾಲು ಮುರಿಯುತ್ತದೆ, ಮಗುವಿನ ಕಣ್ಣು ಬೆಳೆಯುತ್ತದೆ. ಆಗ ಬಾಗಿಲಿಗೆ ಬರುವವರು ಯಾರು? ಯೋಜನೆ ಬಂದು ಹೋಗುತ್ತದೆ, ಸೊಸೆ ಊರಲ್ಲೇ ಇರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಾನು ಓದುವಾಗ ಅದು ಇರಲಿಲ್ಲ. ಇಂದು ಮಿರ್ಲೆಯ ಹೆಂಗಸು ಮೈಸೂರಿನ ಕಾಲೇಜಿಗೆ ಹೋಗಿ ಬರಲು ಟಿಕೆಟ್ಟಿನ ದುಡ್ಡು ಬೇಕಿಲ್ಲ. ಬಸ್ಸಿನ ಬಾಗಿಲು ತೆರೆದ ಸರ್ಕಾರ, ಆ ಬಸ್ಸು ಹೋಗಿ ನಿಲ್ಲುವ ಕಡೆಯ ಬಾಗಿಲನ್ನೂ ತೆರೆಯಲಿ ಎಂದು ಕೇಳಿದರೆ ಅತಿಯಾಸೆಯೆ?

ನಲವತ್ತಕ್ಕೆ ಬರುವ ನೋಟದ ದೋಷಕ್ಕೆ ನಮ್ಮವರು ನಲವತ್ತು ಎಂಬ ಅರ್ಥದ ಹೆಸರನ್ನೇ ಇಟ್ಟರು, ಚಾಳೀಸು. ಆ ಕನ್ನಡಕಕ್ಕೆ ಓದುವ ಕನ್ನಡಕ ಎಂದೂ ಹೆಸರಿಟ್ಟರು. ನಲವತ್ತಕ್ಕೆ ಓದುವ ಕನ್ನಡಕ ಬರೆದುಕೊಟ್ಟು, ಓದಬೇಡ ಎನ್ನುವ ಸಮಾಜ ನಮ್ಮದು.

ಇದನ್ನು ಓದುತ್ತಿರುವವರಲ್ಲಿ ಕೆಲವರು ಪುಸ್ತಕವನ್ನು ಕೈಯುದ್ದ ದೂರ ಹಿಡಿದಿದ್ದೀರಿ ಎಂದು ನನಗೆ ಗೊತ್ತು. ನಾಳೆಯೇ ಹತ್ತಿರದ ನೇತ್ರ ಪರೀಕ್ಷಕರಲ್ಲಿಗೆ ಹೋಗಿ. ನಿಮ್ಮ ಹತ್ತಿರದಲ್ಲಿ ಅಂಥವರು ಯಾರೂ ಇಲ್ಲವಾದರೆ, ಏಕೆ ಇಲ್ಲ ಎಂದು ಕೇಳಿ. ಕೇಳಿದ ಮೇಲೆ, ನಿಮ್ಮ ಬೀದಿಯಲ್ಲಿ ಓದಬೇಕೆಂಬ ಆಸೆಯನ್ನು ನುಂಗಿಕೊಂಡು ಕೂತಿರುವ ಹೆಂಗಸು ಯಾರಿದ್ದಾಳೆ ಎಂದು ನೋಡಿ. ಅವಳು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ನಿಂತ ದಿನ, ಏನನ್ನೂ ಕೇಳದೆ ಸುಮ್ಮನೆ ಜಾಗ ಬಿಡಿ.